ಸಹಾಯ ಬೇಕು: ಅಧಿಕಾರ ಹಂಚಿಕೆಯನ್ನು ಮಕ್ಕಳಿಗೆ ಕನ್ನಡದಲ್ಲಿ ತಿಳಿಸಬಲ್ಲವರು

ಬಳಗದ ಎಲ್ಲರಿಗೂ ನಮಸ್ಕಾರ. ಹನುಮಂತನಗರದಲ್ಲಿ ಪ್ರತಿ ಭಾನುವಾರ ಹದಿನೈದು ಮಂದಿ ಪಿಯುಸಿ ವಿದ್ಯಾರ್ಥಿಗಳಿಗೆ ನಾನು ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಯಾವ ವಿಷಯ ಯಾರ ಅಧಿಕಾರಕ್ಕೆ ಸೇರಿದ್ದೆಂದು ಹೇಳುವ, ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ, ರಾಜ್ಯ ಮತ್ತು ಸಮವರ್ತಿ (ಇಬ್ಬರಿಗೂ ಸೇರಿದ) ಪಟ್ಟಿಗಳು ಅವರಿಗೆ ಬಾಯಿಪಾಠವಾಗಿವೆ. ಅಮೆರಿಕದಲ್ಲಿ ಒಕ್ಕೂಟಕ್ಕೆ ವಹಿಸದ ಅಧಿಕಾರಗಳು ರಾಜ್ಯಗಳಿಗೆ ಅಥವಾ ಜನರಿಗೆ ಉಳಿದರೆ, ನಮ್ಮಲ್ಲಿ ಶೇಷಾಧಿಕಾರ, ಅಂದರೆ ಯಾವ ಪಟ್ಟಿಯಲ್ಲೂ ಇಲ್ಲದ ವಿಷಯಗಳ ಅಧಿಕಾರ, ಸಂಸತ್ತಿಗೆ ಸೇರುತ್ತದೆ ಎಂಬ ವ್ಯತ್ಯಾಸವನ್ನೂ ಅವರು ಬಲ್ಲರು.

ತೊಡಕು ಎದುರಾದದ್ದು ಕಳೆದ ವಾರ. ಒಬ್ಬ ಹುಡುಗಿ ಹಲಗೆಯ ಮೇಲೆ ಒಂದರ ಕೆಳಗೊಂದು ಮೂರು ಚೌಕ ಬರೆದು, ಕೊನೆಯದರಲ್ಲಿ ‘ಪಾಲಿಕೆ’ ಎಂದು ತುಂಬಿ, ಸೀಮೆಸುಣ್ಣ ಹಿಡಿದೇ ಕೇಳಿದಳು: “ಸರ್, ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನವೇ ಹೇಳಿದ್ದರೂ, 2020ರ ಸೆಪ್ಟೆಂಬರ್ ನಂತರ ಬೆಂಗಳೂರನ್ನು ವರ್ಷಗಟ್ಟಲೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳು ನಡೆಸಿದ್ದು ಹೇಗೆ?” ನನ್ನ ಉತ್ತರ ನನಗೇ ಸಮಾಧಾನ ತರಲಿಲ್ಲ.

ನಗರಾಡಳಿತ ಕುರಿತ, ಸಂವಿಧಾನದ 1992ರ 74ನೇ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯಲ್ಲಿ 18 ವಿಷಯಗಳನ್ನು ಪಟ್ಟಿ ಮಾಡಿದರೂ, ಅವುಗಳಲ್ಲಿ ಯಾವುದನ್ನು ಎಷ್ಟರ ಮಟ್ಟಿಗೆ ಪಾಲಿಕೆಗಳಂಥ ನಗರ ಸಂಸ್ಥೆಗಳಿಗೆ ವಹಿಸಬೇಕೆಂಬುದನ್ನು ರಾಜ್ಯ ಶಾಸಕಾಂಗದ ವಿವೇಚನೆಗೆ ಬಿಟ್ಟಿದೆ. ನೀರು ಸರಬರಾಜು ಆ ಪಟ್ಟಿಯಲ್ಲಿದೆ. ಆದರೆ ಬೆಂಗಳೂರಿನಲ್ಲಿ 1964ರಿಂದಲೂ ಅದನ್ನು ನೋಡಿಕೊಳ್ಳುತ್ತಿರುವುದು ರಾಜ್ಯದ ಜಲಮಂಡಳಿ. ನನ್ನ ಅಭಿಪ್ರಾಯದಲ್ಲಿ ಇಡೀ ಪಾಠದ ತಿರುಳು ಇಲ್ಲಿದೆ, ಪಠ್ಯಪುಸ್ತಕವಾದರೋ ಇದನ್ನು ಎರಡೇ ಸಾಲಿನಲ್ಲಿ ಮುಗಿಸುತ್ತದೆ. 2025ರಲ್ಲಿ ನಗರಕ್ಕೆ ಐದು ಪಾಲಿಕೆಗಳು ಬಂದ ಮೇಲೆ ಮಕ್ಕಳ ಪ್ರಶ್ನೆಗಳು ಇನ್ನೂ ಹೆಚ್ಚಿವೆ.

ಪಾಲಿಕೆ ಸದಸ್ಯರಾಗಿದ್ದವರು ಅಥವಾ ಸಂವಿಧಾನ ಬಲ್ಲ ವಕೀಲರು ಯಾರಾದರೂ ಒಂದು ಭಾನುವಾರ ಬಂದು, ಒಂದೂವರೆ ಗಂಟೆ ಕನ್ನಡದಲ್ಲಿಯೇ ಮಾತನಾಡಿದರೆ ಬಹಳ ಉಪಕಾರವಾಗುತ್ತದೆ. 74ನೇ ತಿದ್ದುಪಡಿಯ ಕನ್ನಡ ಪಠ್ಯ ಯಾರಲ್ಲಿದ್ದರೂ ದಯವಿಟ್ಟು ತಿಳಿಸಿ. ಪ್ರತಿ ಮಾಡಿಸಿಕೊಂಡು ಜೋಪಾನವಾಗಿ ಹಿಂದಿರುಗಿಸುತ್ತೇನೆ.