ಪಾರ್ಟಿ ಜಗಳ ಅಮೆರಿಕಾದಲ್ಲಿ ಮಾತ್ರನಾ, ಎಲ್ಲಾ ದೇಶದಲ್ಲೂ ಹಿಂಗೇನಾ?

ಎಡಿಸನ್_ಕನ್ನಡಿಗ: ನಮಸ್ಕಾರ ಎಲ್ರಿಗೂ. ನಾನಿರೋದು ನ್ಯೂಜೆರ್ಸಿ, 2024ರ ಎಲೆಕ್ಷನ್ ಆದ್ಮೇಲೆ ಆಫೀಸಲ್ಲಿ ಊಟದ ಟೇಬಲ್ಲೇ ಎರಡಾಗಿದೆ, ಟ್ರಂಪ್ ಕಡೆಯವ್ರು ಬಂದ್ರೆ ಈ ಕಡೆಯವ್ರು ಡಬ್ಬಿ ಎತ್ಕೊಂಡು ಎದ್ದೋಗ್ತಾರೆ. ಎಲ್ಲಾ ಫೇಸ್‌ಬುಕ್ ಮಹಿಮೆ ಅಂತಾರೆ, ಆದ್ರೆ ಅದು ಎಲ್ಲಾ ದೇಶದಲ್ಲೂ ಇದ್ಯಲ್ಲ? ಇದನ್ನ ಅಳೆಯೋದಾದ್ರೂ ಹೆಂಗೆ?

ಅಂಕಿಅಂಶ_ಮೇಡಂ: ಸರ್ವೇಲಿ ಒಂದೊಂದು ಪಾರ್ಟಿಗೂ 0ಯಿಂದ 100ರೊಳಗೆ ಮಾರ್ಕ್ಸ್ ಕೊಡಿ ಅಂತಾರೆ, 0 ಅಂದ್ರೆ ಕಂಡ್ರಾಗಲ್ಲ ಅಂತ. ನಿಮ್ಮ ಪಾರ್ಟಿಗೆ ಕೊಟ್ಟಿದ್ರಲ್ಲಿ ಎದುರು ಪಾರ್ಟಿಗೆ ಕೊಟ್ಟಿದ್ದು ಕಳೆದ್ರೆ ಬರೋದೇ ಅಂತರ. ಬಾಕ್ಸೆಲ್, ಗೆಂಟ್ಸ್‌ಕೋ, ಶಪೀರೋ ಅನ್ನೋ ಅರ್ಥಶಾಸ್ತ್ರಜ್ಞರು 12 ದೇಶಗಳ ಸುಮಾರು 40 ವರ್ಷದ ಸರ್ವೇ ಹಾಕ್ಕೊಂಡು ನೋಡಿದ್ರು, ಈ ಅಂತರ ಅಮೆರಿಕಾದಲ್ಲಿ ಎಲ್ಲರಿಗಿಂತ ಜೋರಾಗಿ ಏರಿದೆ, ಜರ್ಮನಿ ಸ್ವೀಡನ್ ನಾರ್ವೆಲಿ ಇಳಿದಿದೆ. ಅಲ್ಲೇನು ಇಂಟರ್ನೆಟ್ ಇರ್ಲಿಲ್ವಾ? ಇನ್ನೊಂದು ಮಜಾ, ಅಮೆರಿಕಾದಲ್ಲೂ ನೆಟ್ ಕಮ್ಮಿ ಬಳಸೋ ವಯಸ್ಸಾದವರಲ್ಲೇ ಜಾಸ್ತಿ ಏರಿದ್ದು ಅಂತ ಇದೇ ಮೂವರು 2017ರಲ್ಲಿ ತೋರಿಸಿದ್ರು. ಎಲ್ಲಾನೂ ಫೋನ್ ತಲೆಗೆ ಕಟ್ಟೋಕಾಗಲ್ಲ.

ಮಂಡ್ಯ_ಹೈದ: ಮಗನೋ ಮಗಳೋ ಎದುರು ಪಾರ್ಟಿಯವ್ರನ್ನ ಮದ್ವೆ ಆದ್ರೆ ಬೇಜಾರಾಗುತ್ತಾ ಅಂತ 1960ರಲ್ಲಿ ಅಮೆರಿಕಾದವ್ರನ್ನ ಕೇಳಿದ್ರೆ ನೂರಕ್ಕೆ ನಾಕೈದು ಜನ ಹೂಂ ಅಂದಿದ್ರಂತೆ, 2010ಕ್ಕೆ ರಿಪಬ್ಲಿಕನ್ನರಲ್ಲಿ ಹೆಚ್ಚುಕಮ್ಮಿ ಅರ್ಧ, ಡೆಮಾಕ್ರಾಟರಲ್ಲಿ ಮೂರನೇ ಒಂದು ಭಾಗ. ನಮ್ ಕಡೆ ಜಾತಿ ಕೇಳ್ದಂಗೆ ಅಲ್ಲಿ ಪಾರ್ಟಿ ಕೇಳ್ತಾರೆ ಬಿಡಿ 😄 ನನ್ ಲೆಕ್ಕದಲ್ಲಿ ಎರಡೇ ಪಾರ್ಟಿ ಇರೋದೇ ಮೂಲ ಕಾರಣ, ಮೂರನೆಯವ್ನಿಗೆ ಜಾಗಾನೇ ಇಲ್ಲ.

ಬರ್ಲಿನ್_ವಾಸಿ: ಅದು ಹೌದು, ಇಲ್ಲಿ ಜರ್ಮನಿಲಿ ಒಬ್ರಿಗೇ ಬಹುಮತ ಬರೋದು ಅಪರೂಪ, ಇವತ್ತು ಬೈದವ್ರ ಜೊತೆನೇ ನಾಳೆ ಸರ್ಕಾರ ಮಾಡ್ಬೇಕು ಅಂತ ಗೊತ್ತಿರೋದ್ರಿಂದ ನಾಲಿಗೆ ಸ್ವಲ್ಪ ಹಿಡಿತದಲ್ಲಿರುತ್ತೆ, 2025ರಲ್ಲೂ ಬಲಕ್ಕಿರೋ ಸಿಡಿಯು, ಎಡಕ್ಕಿರೋ ಎಸ್‌ಪಿಡಿ ಅನ್ನೋ ಎರಡು ಪಾರ್ಟಿ ಹಂಗೇ ಒಟ್ಟಿಗೆ ಕೂತಿದ್ದು. ಆದ್ರೆ ಜರ್ಮನಿ ಶಾಂತವಾಗಿದೆ ಅಂದ್ಕೋಬೇಡಿ, ಆ ಸರ್ವೇ ಲೆಕ್ಕ 2020ರ ಹೊತ್ತಿಗೇ ನಿಲ್ಲುತ್ತೆ. 2025ರ ಎಲೆಕ್ಷನ್ನಲ್ಲಿ ಎಎಫ್‌ಡಿ ಅನ್ನೋ ಕಡು ಬಲಪಂಥದ ಪಾರ್ಟಿ 20.8% ವೋಟ್ ತಗೊಂಡು ಎರಡನೇ ಸ್ಥಾನಕ್ಕೆ ಬಂತು, ಅವ್ರ ಜೊತೆ ಮಾತ್ರ ಯಾವ ದೊಡ್ಡ ಪಾರ್ಟಿನೂ ಸೇರಲ್ಲ. ಜಗಳ ಎಲ್ಲರ ಮಧ್ಯೆ ಅಲ್ಲ, ಒಂದು ಪಾರ್ಟಿ ಸುತ್ತ ಇದೆ, ಸರಾಸರಿ ತೆಗೆದ್ರೆ ಅದು ಮುಚ್ಚೋಗುತ್ತೆ.

ಅಂಕಿಅಂಶ_ಮೇಡಂ: ಮಂಡ್ಯದವ್ರೇ, ಬ್ರಿಟನ್ನಲ್ಲೂ ದಶಕಗಟ್ಟಲೆ ದೊಡ್ಡವು ಎರಡೇ ಪಾರ್ಟಿ ಇದ್ದಿದ್ದು, ಅದೂ ಇಳಿದಿರೋ ಲಿಸ್ಟಲ್ಲಿದೆ. ಅಲ್ಲಿ ಜನ ಇಬ್ಭಾಗ ಆಗಿದ್ದು 2016ರ ಬ್ರೆಕ್ಸಿಟ್ ವೋಟಲ್ಲಿ, ಅಂದ್ರೆ ಯುರೋಪಿಯನ್ ಒಕ್ಕೂಟ ಬಿಡೋದಾ (ಲೀವ್) ಉಳಿಯೋದಾ (ರಿಮೇನ್) ಅಂತ ಕೇಳಿದಾಗ, ಬಿಡೋಣ ಅಂದವ್ರು 51.9%, ಉಳಿಯೋಣ ಅಂದವ್ರು 48.1%. ಆ ಎರಡು ದೊಡ್ಡ ಪಾರ್ಟಿ, ಲೇಬರ್ ಒಳಗೂ ಕನ್ಸರ್ವೇಟಿವ್ ಒಳಗೂ ಎರಡೂ ಕಡೆಯವ್ರಿದ್ರು, ಅದಕ್ಕೆ ಬರೀ ಪಾರ್ಟಿಗೆ ಮಾರ್ಕ್ಸ್ ಕೇಳಿದ್ರೆ ಆ ಸಿಟ್ಟು ಪೂರ್ತಿ ಸಿಗಲ್ಲ, ಲೀವ್ ರಿಮೇನ್ ಅಂತ ಬೇರೆನೇ ಕೇಳ್ಬೇಕು.