ಕಣ್ಣಿನ ಗೂಡು ಹತ್ತಿರ ತರುವ ಆಪರೇಷನ್: ಮಾಡಿಸಿದವರು ಹೇಳಿ

ಹೊಸನಗರದಿಂದ: ಮಗಳಿಗೆ 4 ವರ್ಷ. ಹೈಪರ್‌ಟೆಲೋರಿಸಂ, ಅಂದರೆ ಎರಡು ಕಣ್ಣಿನ ಗೂಡುಗಳ ನಡುವೆ ಅಂತರ ಜಾಸ್ತಿ. ದೃಷ್ಟಿ ಚೆನ್ನಾಗಿದೆ. ಡಾಕ್ಟರು ಸದ್ಯ ಕಾಯಿರಿ ಅಂದಿದ್ದಾರೆ. ಒಂದನೇ ಕ್ಲಾಸಿಗೆ ಸೇರಿಸುವ ಮುಂಚೆ ಮಾಡಿಸಬಹುದಾ?

ತೀರ್ಥಹಳ್ಳಿಯ ಅಡಿಕೆ ಬೆಳೆಗಾರ: ನಮ್ಮ ಮಗನಿಗೆ 8 ತುಂಬಿದ ಮೇಲೆ ಆಯಿತು. ಕಿವಿಯಿಂದ ಕಿವಿಗೆ ನೆತ್ತಿ ಮೇಲೆ ಕೊಯ್ದರು. ಹಣೆಯ ಮೂಳೆ ತೆಗೆದು, ಮಧ್ಯದ ಹೆಚ್ಚಿನ ಮೂಳೆ ಕತ್ತರಿಸಿ, ಎರಡೂ ಗೂಡು ಪೆಟ್ಟಿಗೆ ಸರಿಸಿದ ಹಾಗೆ ಒಳಗೆ ಸರಿಸಿದರು. ಬುರುಡೆಯದೇ ಚೂರು ಮೂಗಿಗೆ ಇಟ್ಟರು. 9 ಗಂಟೆ ಹೊರಗೆ ಕೂತಿದ್ದೆ. ಆಪರೇಷನ್‌ಗೆ 4,85,000. ಪ್ಲೇಟು, ಸ್ಕ್ರೂ ಬೇರೆ 72,000. ಐಸಿಯು 3 ದಿನ ಅಂದಿದ್ದರು, ಮೂಗಿನಿಂದ ಮಿದುಳಿನ ನೀರು ಸೋರಿ 8 ದಿನ ಆಯಿತು. ಸೊಂಟದಲ್ಲಿ ನಳಿಗೆ ಹಾಕಿ ಅಲ್ಲಾಡದ ಹಾಗೆ ಮಲಗಿಸಿದ್ದರು. ಆ ವರ್ಷವೇ ತೋಟಕ್ಕೆ ಕೊಳೆ. ಸೊಸೈಟಿ ಸಾಲ ಇನ್ನೂ ತೀರಿಲ್ಲ. ಮಗನ ಮುಖ ನೋಡಿದಾಗ ಸಾಲ ನೆನಪಾಗಲ್ಲ.

ಸಾಗರದ ಅಮ್ಮ: ನಾವು ಮಗಳಿಗೆ 5ಕ್ಕೇ ಮಾಡಿಸಿದೆವು. ಆಮೇಲೆ ಮೆಳ್ಳಗಣ್ಣು ಬಂತು, ಅದಕ್ಕೆ ಇನ್ನೊಂದು ಆಪರೇಷನ್, 38,000. ಈಗ 13, ಮೂಗಿನ ಬುಡ ಮತ್ತೆ ಅಗಲ ಕಾಣುತ್ತಿದೆ. ಆದರೂ ಅವಳು ಶಾಲೆಗೆ ಅಳದೆ ಹೋದಳು.

ತೀರ್ಥಹಳ್ಳಿಯ ಅಡಿಕೆ ಬೆಳೆಗಾರ: ಅಕ್ಕ, ಅಷ್ಟು ಚಿಕ್ಕವರಿಗೆ ಮೇಲ್ದವಡೆಯಲ್ಲಿ ಹಲ್ಲಿನ ಮೊಳಕೆ ಕಣ್ಣಿನ ಗೂಡಿನ ಕೆಳಗೇ ಇರುತ್ತೆ. ಕೊಯ್ಯುವಾಗ ಪೆಟ್ಟಾಗಬಹುದು. ಅದಕ್ಕೇ ಕಾಯಿಸೋದು. ನಿಮಗೆ ಆತುರ ಜಾಸ್ತಿ ಆಯಿತು.

ಸಾಗರದ ಅಮ್ಮ: ಆತುರ ಅನ್ನಬೇಡಿ ಅಣ್ಣ. ಮಾರಿಕಾಂಬಾ ಜಾತ್ರೆಯಲ್ಲಿ ಒಬ್ಬ ಬಸುರಿ ನನ್ನ ಮಗಳನ್ನು ನೋಡಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನೀವು ಅದನ್ನು ನುಂಗಿದ್ದೀರಾ?

ಭದ್ರಾವತಿ, ನನಗೇ ಆಗಿದ್ದು: ನೀವಿಬ್ಬರೂ ನಿಮ್ಮ ಮಕ್ಕಳನ್ನು ಕೇಳಿದ್ದೀರಾ? ನಾನು 19ಕ್ಕೆ, ನಾನೇ ಸಹಿ ಹಾಕಿ ಮಾಡಿಸಿಕೊಂಡೆ. ನಾಲ್ಕು ತಿಂಗಳು ಎಲ್ಲಾ ಎರಡೆರಡು ಕಾಣುತ್ತಿತ್ತು. ಹಣೆಯ ಮೇಲೆ ಇವತ್ತಿಗೂ ಜೋಮು. ಪಾಲ್ ಟೆಸಿಯೇ ಅನ್ನುವ ಫ್ರೆಂಚ್ ಡಾಕ್ಟರು 1960ರ ದಶಕದಲ್ಲಿ ತಲೆಬುರುಡೆ ಕಡೆಯಿಂದ ಹೋಗುವ ದಾರಿ ತೋರಿಸದಿದ್ದರೆ ಇಷ್ಟೂ ಇರುತ್ತಿರಲಿಲ್ಲ. ಆದರೆ ಸಹಿ ನನ್ನದು, ಅದಕ್ಕೇ ನೋವು ತಡೆದುಕೊಂಡೆ.

ತೀರ್ಥಹಳ್ಳಿಯ ಅಡಿಕೆ ಬೆಳೆಗಾರ: 8 ವರ್ಷದ ಹುಡುಗ ಏನು ಸಹಿ ಹಾಕುತ್ತಾನೆ ತಮ್ಮಾ?

ಕೊಪ್ಪದಿಂದ: ಇಷ್ಟೆಲ್ಲಾ ಲಕ್ಷ ಯಾಕೆ ಕೊಟ್ಟಿರಿ? ಬಿಪಿಎಲ್ ಕಾರ್ಡು ಇರಲಿಲ್ವಾ?

ತೀರ್ಥಹಳ್ಳಿಯ ಅಡಿಕೆ ಬೆಳೆಗಾರ: ಎರಡು ಎಕರೆ ತೋಟ ಇದೆ ಅಂತ ರದ್ದು ಮಾಡಿದರು. ಕೌಂಟರಿನಲ್ಲಿ ಆರು ಸಲ ನಿಂತಿದ್ದೇನೆ. ಗೊತ್ತಿಲ್ಲದೆ ಮಾತಾಡಬೇಡಿ.

ಕೊಪ್ಪದಿಂದ: ನಾನು ಕೇಳಿದ್ದು ಅಷ್ಟೇ. ನಮಗೂ ಎರಡು ಎಕರೆ, ನಮ್ಮ ಕಾರ್ಡು ಇದೆ.

ಸಾಗರದ ಅಮ್ಮ: ಹಾಗಾದರೆ ಯಾವ ದಾಖಲೆ ಕೊಟ್ಟಿರಿ, ಅದನ್ನು ಹೇಳಿ. ಮೂಗಿಗೆ ಮುಂದಿನ ವರ್ಷ ಮತ್ತೆ ಹೋಗಬೇಕು ನಾವು.