ದಿನಕ್ಕೊಂದು ಹೆಸರು: ಲೇಯಳ ಜೊತೆ ಬರೆಯುವ ಅಭ್ಯಾಸ

ಕೇಳಿದವರು:
ಎಲ್ಲರಿಗೂ ನಮಸ್ಕಾರ. ನಾನು ಕವಿತೆ ಬರೆಯುತ್ತೇನೆ, ಆದರೆ ಹಬ್ಬಕ್ಕೊಂದು ಹುಣ್ಣಿಮೆಗೊಂದು. ದಿನಾ ಬರೆಯುವ ರೂಢಿ ಬೇಕು. ಬೈಬಲ್ಲಿನ ಆದಿಕಾಂಡ ಓದಿದಾಗಿನಿಂದ ಲೇಯಳು ತಲೆಯಲ್ಲೇ ಕೂತಿದ್ದಾಳೆ. ಯಾಕೋಬನ ಮೊದಲ ಹೆಂಡತಿ, ಆದರೆ ಅವನ ಮನಸ್ಸಿದ್ದದ್ದು ತಂಗಿ ರಾಹೇಲಳ ಮೇಲೆ. ಅವಳನ್ನೇ ಹಿಡಿದು ದಿನಾ ಬರೆಯೋಣ ಅಂತ ಎರಡು ಸಲ ಶುರು ಮಾಡಿ, ಎರಡು ಸಲವೂ ವಾರದೊಳಗೆ ಬಿಟ್ಟೆ. ಹೀಗೆ ಬರೆದವರು ಯಾರಾದರೂ ಇದ್ದರೆ ನಿಮ್ಮ ಅನುಭವ ಹೇಳಿ.

ಮೊದಲ ಉತ್ತರ:
ಅಕ್ಕ, ನಾನು ಮೂರು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ನಾನೂ ಮೊದಲು ಲೇಯಳ ಮೇಲೆ ಕವಿತೆ ಬರೆಯಲು ಹೋದೆ. ಹತ್ತು ದಿನಕ್ಕೆ ಕಣ್ಣೀರು ಖಾಲಿ. (ಮೂಲ ಹೀಬ್ರೂ ಬೈಬಲ್ಲಿನಲ್ಲಿ ಅವಳ ಕಣ್ಣಿಗೆ ಬಳಸಿದ ಪದಕ್ಕೆ ಮೃದು ಅನ್ನುವ ಅರ್ಥವೂ ಇದೆ. ಎಷ್ಟೋ ಅನುವಾದಗಳಲ್ಲಿ ಅದು ಮಂದ ಕಣ್ಣಾಗಿಬಿಟ್ಟಿದೆ, ಪಾಪ.)

ಆಮೇಲೆ 29ನೇ ಅಧ್ಯಾಯದ ಕೊನೆಯನ್ನು ಇನ್ನೊಮ್ಮೆ ಓದಿದೆ. ಆ ಅಧ್ಯಾಯದಲ್ಲಿ ಲೇಯಳು ಬಾಯಿ ಬಿಡುವುದೇ ಮಕ್ಕಳಿಗೆ ಹೆಸರಿಡುವಾಗ. ಒಂದು ಹೆಸರು, ಅದಕ್ಕೊಂದು ಕಾರಣ. ರೂಬೇನ್ ಅಂದರೆ 'ನೋಡಿ, ಮಗ'. ದೇವರು ನನ್ನ ಕಷ್ಟ ನೋಡಿದ, ಇನ್ನಾದರೂ ಗಂಡನಿಗೆ ನನ್ನ ಮೇಲೆ ಪ್ರೀತಿ ಬರುತ್ತೆ ಅನ್ನುತ್ತಾಳೆ. ಸಿಮೆಯೋನ್‌ನಲ್ಲಿ 'ಕೇಳುವುದು' ಇದೆ, ಲೇವಿಯಲ್ಲಿ 'ಕೂಡಿಕೊಳ್ಳುವುದು'. ನಾಲ್ಕನೆಯವನು ಯೆಹೂದ. ಅಲ್ಲಿ ಗಂಡನ ಸುದ್ದಿಯೇ ಇಲ್ಲ. ಈ ಸಲ ದೇವರನ್ನು ಹೊಗಳುತ್ತೇನೆ ಅನ್ನುತ್ತಾಳೆ, ಅಷ್ಟೇ.

ನಾನು ಹಿಡಿದದ್ದು ಇದನ್ನು. ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಚೌಕ ಇರುತ್ತಲ್ಲ, ರಾತ್ರಿ ಪಾತ್ರೆ ತೊಳೆದ ಮೇಲೆ ಅಲ್ಲೇ 'ಅರ್ಧ ಲೀಟರ್' ಪಕ್ಕ ಆ ದಿನಕ್ಕೊಂದು ಹೆಸರಿಡುತ್ತೇನೆ. ಚೌಕ ಚಿಕ್ಕದು, ಒಂದು ಪದಕ್ಕಿಂತ ಜಾಸ್ತಿ ಹಿಡಿಯಲ್ಲ. ನೋಟ್‌ಬುಕ್ಕಿನಲ್ಲಿ 'ಯಾಕಂದರೆ' ಅಂತ ಶುರು ಮಾಡಿ ಒಂದು ವಾಕ್ಯ ಬರೆಯುತ್ತೇನೆ. ಹೋದ ಮಂಗಳವಾರದ್ದು: 'ಮುಚ್ಚಳ. ಯಾಕಂದರೆ ಅತ್ತೆ ಹೋಗಿ ವರ್ಷವಾದರೂ ಅವರು ಹಾಕಿಟ್ಟ ಮಿಡಿ ಉಪ್ಪಿನಕಾಯಿಯ ಭರಣಿಗೆ ಯಾರೂ ಕೈ ಹಾಕಿಲ್ಲ.' ಇದಿನ್ನೂ ಕವಿತೆ ಅಲ್ಲ. ಭಾನುವಾರ ವಾರದ ಹೆಸರುಗಳನ್ನೆಲ್ಲ ಓದಿ ಒಂದನ್ನು ಮಾತ್ರ ಬೆಳೆಸುತ್ತೇನೆ. ತಿಂಗಳಿಗೆ ನಾಲ್ಕು ಆಗುತ್ತವೆ, ಎರಡು ಕಸಕ್ಕೆ.

ಒಂದು ವಿಷಯ ಮುಚ್ಚಿಡಲ್ಲ. ಮೊದಲ ಆರು ತಿಂಗಳು ನನ್ನವೆಲ್ಲ ರೂಬೇನ್, ಸಿಮೆಯೋನ್, ಲೇವಿಗಳೇ. ಹೆಸರಿಟ್ಟ ಕೂಡಲೇ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದು, ಯಾರು ಚೆನ್ನಾಗಿದೆ ಅಂದರು ಅಂತ ಹನ್ನೊಂದು ಗಂಟೆವರೆಗೆ ನೋಡುತ್ತಾ ಕೂರುವುದು. ನಿಲ್ಲಿಸಿದ ಮೇಲೆಯೇ ಬರವಣಿಗೆ ಸ್ವಲ್ಪ ಸುಧಾರಿಸಿದ್ದು. ಆದರೆ ಆರನೆಯ ಮಗ ಜೆಬುಲೂನ್ ಹುಟ್ಟುವ ಹೊತ್ತಿಗೆ ಲೇಯಳ ಬಾಯಲ್ಲಿ ಗಂಡ ಮತ್ತೆ ಬರುತ್ತಾನೆ. ನಾನೂ ಹೋದ ತಿಂಗಳು ಗುಂಪಿಗೆ ಒಂದು ಹಾಕಿದೆ.

ಎರಡನೆಯ ಉತ್ತರ:
ಮೇಡಂ ಹೇಳಿದ ದಾರಿಯಲ್ಲೇ ನಾನೂ ಇದ್ದೇನೆ. ಬಿಟ್ಟುಹೋಗುವ ದಿನಗಳ ಬಗ್ಗೆ ಮಾತ್ರ ಒಂದು ಮಾತು. ಯೆಹೂದನ ನಂತರ ಲೇಯಳಿಗೂ ಮಕ್ಕಳಾಗುವುದು ನಿಂತಿತ್ತು. ಆಗ ಅವಳು ದಾಸಿ ಜಿಲ್ಪಳ ಮಕ್ಕಳಿಗೆ ಹೆಸರಿಟ್ಟಳು, ಗಾದ್ ಮತ್ತು ಆಶೇರ್. ನನಗೆ ವಾರಕ್ಕೆ ಮೂರು ರಾತ್ರಿ ಪಾಳಿ. ನನ್ನ ದಿನಕ್ಕೆ ಏನೂ ಹೊಳೆಯದಿದ್ದರೆ ಬೇರೆಯವರ ದಿನಕ್ಕೆ ಇಡುತ್ತೇನೆ. ಗೇಟಿನ ಹತ್ತಿರ ಟೀ ಮಾರುವ ಹುಡುಗನ ದಿನಕ್ಕೆ ಇಟ್ಟದ್ದು: 'ಚಿಲ್ಲರೆ. ಯಾಕಂದರೆ ಇವತ್ತು ಬಂದವರೆಲ್ಲ ಐನೂರರ ನೋಟು ತಂದರು.'

ಮೂರನೆಯ ಉತ್ತರ:
ಅಣ್ಣಾ, ಸಣ್ಣ ತಕರಾರು. ಇಡೀ ಕಥೆಯಲ್ಲಿ ಜಿಲ್ಪಳಿಗೆ ಒಂದೇ ಒಂದು ಮಾತಿಲ್ಲ. ಹೆತ್ತವಳು ಅವಳು, ಹೆಸರಿಟ್ಟವಳು ಲೇಯಳು. ಟೀ ಹುಡುಗನನ್ನೇ ಒಮ್ಮೆ ಕೇಳಿ ನೋಡಿ. ನಾನು ನಮ್ಮ ಮನೆ ಕೆಲಸಕ್ಕೆ ಬರುವ ಅಮ್ಮನನ್ನು ಕೇಳಿದೆ, ಈ ದಿನಕ್ಕೆ ಏನು ಹೆಸರಿಡುತ್ತೀರಿ ಅಂತ. ನಾನು 'ಬೆವರು' ಅಂತ ಇಟ್ಟಾಗಿತ್ತು. ಅವರು 'ಸೀಟು' ಅಂದರು. ಬಸ್ಸಿನಲ್ಲಿ ಅವತ್ತು ಕೂರೋಕೆ ಜಾಗ ಸಿಕ್ಕಿತ್ತಂತೆ. ನನ್ನದನ್ನು ಹೊಡೆದುಹಾಕಿದೆ.

ನಾಲ್ಕನೆಯ ಉತ್ತರ:
ಲೇಯಳ ತಂಗಿಯನ್ನು ಹಿಡಿದವರೂ ಇದ್ದಾರೆ. ಹೀಬ್ರೂ ಕವಿ ರಾಹೇಲ್ 1890ರಲ್ಲಿ ರಷ್ಯಾದಲ್ಲಿ ಹುಟ್ಟಿ 1909ರಲ್ಲಿ ಪ್ಯಾಲೆಸ್ತೀನಿಗೆ ಹೋದವರು. ಹೊಲದಲ್ಲಿ ದುಡಿದರು, ಕ್ಷಯ ಬಂತು, 1931ರಲ್ಲಿ ತೀರಿಕೊಂಡರು. ಕವಿತೆಗಳಿಗೆ ಬರೀ ರಾಹೇಲ್ ಅಂತ ಹೆಸರು ಹಾಕುತ್ತಿದ್ದರು. ಕುರಿ ಕಾಯುತ್ತಿದ್ದ ಆ ಹಳೆಯ ರಾಹೇಲಳ ರಕ್ತವೇ ತನ್ನಲ್ಲಿದೆ ಅನ್ನುವ ಅರ್ಥದ ಕವಿತೆಯೂ ಇದೆ. ಹೆಚ್ಚಿನವು ಕಾಯಿಲೆಯ ಕೊನೆಯ ವರ್ಷಗಳಲ್ಲಿ ಬರೆದದ್ದು, ಬಹುಪಾಲು ಚಿಕ್ಕವು, ಆಡುಮಾತಿಗೆ ಹತ್ತಿರದವು. ಉದ್ದ ಬರೆಯಲಾಗದೆ ಬೇಜಾರಾದಾಗ ನಾನು ಇವರನ್ನು ನೆನೆಯುತ್ತೇನೆ.

ಕೇಳಿದವರು:
ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿಯೇ ಶುರು ಮಾಡಿದೆ. ಹೆಸರೇನೋ ಥಟ್ಟನೆ ಬಂತು. 'ಯಾಕಂದರೆ' ಮುಂದೆ ಪೆನ್ನು ಓಡಲೇ ಇಲ್ಲ. ಅರ್ಧ ಗಂಟೆ ಸುಮ್ನೆ ಕೂತಿದ್ದೆ.

ಮೊದಲು ಉತ್ತರಿಸಿದವರು:
ಅಕ್ಕ, 30ನೇ ಅಧ್ಯಾಯದ 21ನೇ ವಚನ ನೋಡಿ. ಆರು ಗಂಡುಮಕ್ಕಳ ಹೆಸರಿಗೂ ಕಾರಣ ಇದೆ. ಮಗಳು ದೀನಾಳಿಗೆ ಬರೀ ಹೆಸರು. ನನ್ನ ನೋಟ್‌ಬುಕ್ಕಿನಲ್ಲಿ ಅಂಥವನ್ನು 'ದೀನಾ ದಿನ' ಅಂತ ಗುರುತು ಹಾಕಿ ಉಳಿದ ಪುಟ ಖಾಲಿ ಬಿಡುತ್ತೇನೆ. ಏನು ಹೆಸರಿಟ್ಟಿರಿ?

ಕೇಳಿದವರು:
ಹಂಡೆ.